ಕರೆಂಟನ್ನು ಹಿಟ್ಟಿನಲ್ಲಿ ಕೂಡಿಟ್ಟ ಮನೆ: ಕಲಬುರಗಿಯ ಒಂದು ರೊಟ್ಟಿ ಕೆಲಸದ ಪ್ರಕರಣ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಹತ್ತು ಗಂಟೆ ದಾಟುತ್ತಿದ್ದಂತೆ ಅಕ್ಕನ ಫೋನ್ ಬಂತು. "ತಮ್ಮಾ, ಕರೆಂಟ್ ಹೋಗ್ಯಾದ. ಸಂಜಿ ಐದಕ್ಕ ಬರ್ತದಂತ. ಗಿರಣಿಯೊಳಗ ಜೋಳ ಹಂಗೇ ಅದ." ಅಂದು ರಾತ್ರಿ ಒಂದು ಮದುವೆ ಮನೆಗೆ 600 ರೊಟ್ಟಿ ಕೊಡಬೇಕಿತ್ತು. ಅದಕ್ಕೆ ಸುಮಾರು 45 ಕಿಲೋ ಜೋಳ ಬೀಸಬೇಕು. ಬೀಸಿದ್ದು 18 ಕಿಲೋ ಮಾತ್ರ.

ಉಳಿದ ಜೋಳವನ್ನು ಸ್ಕೂಟಿಯ ಮೇಲೆ ಹೇರಿಕೊಂಡು ಹೊರಟೆವು. ಪಕ್ಕದ ಗಿರಣಿಗೂ ಅದೇ ಲೈನು, ಅಲ್ಲೂ ಕರೆಂಟ್ ಇಲ್ಲ. ಊರಿನ ಇನ್ನೊಂದು ತುದಿಯಲ್ಲಿ ಗಿರಣಿ ನಡೆಯುತ್ತಿತ್ತು, ಆದರೆ ಅಲ್ಲಿ ಸಾಲು ದೊಡ್ಡದು. ಹಿಟ್ಟು ಕೈಗೆ ಬಂದಾಗ ಮೂರೂವರೆ. ರಾತ್ರಿ ಎಂಟಕ್ಕೆ ಕೊಡಲು ಆದದ್ದು 410 ರೊಟ್ಟಿ. ಹುಡುಗಿಯ ಅಪ್ಪ ಒಂದು ಮಾತೂ ಬೈಯಲಿಲ್ಲ. ಉಳಿದದ್ದಕ್ಕೆ ಚಪಾತಿ ಮಾಡಿಸಿಕೊಂಡರು. ಅವರು ಸುಮ್ನೆ ಇದ್ದದ್ದೇ ಅಕ್ಕನಿಗೆ ಜಾಸ್ತಿ ನೋವಾಯಿತು.

ಆ ದಿನದಿಂದ ಮುಂದಿನ ಒಂದು ವರ್ಷ ಆ ಮನೆಯಲ್ಲಿ ಏನೇನು ಮಾಡಿದೆವು, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ಇಲ್ಲಿ ಬರೆದಿದ್ದೇನೆ. ನಾನು ಐಟಿಐನಲ್ಲಿ ಎಲೆಕ್ಟ್ರಿಕಲ್ ಕಲಿತವನು. 12 ವರ್ಷದಿಂದ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು, ನನ್ನ ಕೆಲಸ. ಆದರೂ ಮೊದಲ ಎರಡು ತಿಂಗಳು ನಾನು ಕೊಟ್ಟ ಸಲಹೆ ತಪ್ಪಾಗಿತ್ತು. ಆ ತಪ್ಪಿಗೆ ದುಡ್ಡು ಹೋದದ್ದು ಅಕ್ಕನದು, ಆದ್ದರಿಂದ ಅದನ್ನೂ ಬಿಡದೆ ಬರೆಯುತ್ತೇನೆ.

ಮನೆ ಹೇಗಿದೆ

ಅಕ್ಕನ ಮನೆ ರಿಂಗ್ ರಸ್ತೆಯ ಆಚೆ, ಹೊಸದಾಗಿ ಬೆಳೆದ ಬಡಾವಣೆಯಲ್ಲಿದೆ. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ತಗಡಿನ ಶೆಡ್. ನೆಲಕ್ಕೆ ಶಹಾಬಾದ್ ಕಲ್ಲು. ಶೆಡ್ಡಿನಲ್ಲಿ ನಾಲ್ಕು ಗ್ಯಾಸ್ ಒಲೆ, ನಾಲ್ಕು ಹಂಚು. ರೊಟ್ಟಿ ಬಡಿಯಲು ನಾಲ್ವರು ಹೆಣ್ಣುಮಕ್ಕಳು ಬರುತ್ತಾರೆ. ಅವರಲ್ಲಿ ಹಿರಿಯರನ್ನು ಎಲ್ಲರೂ ಆಯಿ ಅನ್ನುತ್ತಾರೆ. ಒಂದು ಎಚ್‌ಪಿಯ ಮನೆ ಗಿರಣಿ ಇದೆ, ಗಂಟೆಗೆ ಎಂಟು ಕಿಲೋ ಜೋಳ ಬೀಸುತ್ತದೆ. ಪ್ಯಾಕೆಟ್ ಅಂಟಿಸುವ ಸೀಲಿಂಗ್ ಮಷಿನ್, ಮೂರು ಫ್ಯಾನು, ಒಂದು ಕೂಲರ್, ಬೋರಿನ ಮೋಟಾರ್. ರೊಟ್ಟಿ ಕೆಲಸಕ್ಕೆ ಬೇರೆ ಮೀಟರ್ ಇದೆ. ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ ಅಲ್ವಾ, ಅದಕ್ಕೇ ಮೊದಲೇ ಬೇರೆ ಮಾಡಿಸಿದ್ದಳು.

ಪಡಸಾಲೆಯ ಫ್ರಿಜ್ಜಿನಲ್ಲಿ ಅವ್ವನ ಇನ್ಸುಲಿನ್. ಈ ಫ್ರಿಜ್ಜಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ರೊಟ್ಟಿ ಬೇಯಲು ಕರೆಂಟ್ ಬೇಡ. ಆದರೆ ರೊಟ್ಟಿ ಬರಬೇಕಾದರೆ ಹಿಟ್ಟಿಗೆ ಜಿಗಿ, ಅಂದರೆ ಅಂಟು, ಇರಬೇಕು. ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆಯಾಗುತ್ತದೆ. ಬಡಿಯುವಾಗ ಅಂಚು ಹರಿಯುತ್ತದೆ. ಅದಕ್ಕೇ ಅಕ್ಕ ಆಯಾ ದಿನದ ಜೋಳವನ್ನು ಆಯಾ ದಿನವೇ, ಎಂಟು ಗಂಟೆಯ ಮೇಲೆ ಬೀಸುತ್ತಿದ್ದಳು. ಹಾಗಾಗಿ ಒಲೆ ಗ್ಯಾಸಿನದಾದರೂ ಇಡೀ ಕೆಲಸ ನಿಂತದ್ದು ಬೆಳಗಿನ ಕರೆಂಟಿನ ಮೇಲೆ.

ಮೊದಲ ತಪ್ಪು

ನಾನು ತಕ್ಷಣ ಇನ್ವರ್ಟರ್ ಕೊಡಿಸಿದೆ. 900 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ. ಅದು ಗಿರಣಿ ಎಳೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಒಂದು ಎಚ್‌ಪಿ ಮೋಟಾರ್ ಓಡುವಾಗ 750 ವ್ಯಾಟ್ ಆದರೂ, ಶುರುವಾಗುವ ಕ್ಷಣದಲ್ಲಿ ನಾಲ್ಕೈದು ಪಟ್ಟು ಆಂಪಿಯರ್ ಕೇಳುತ್ತದೆ. ಫ್ಯಾನು, ಲೈಟು, ಸೀಲಿಂಗ್ ಮಷಿನ್ ನಡೆದರೆ ಸಾಕು ಅಂದುಕೊಂಡಿದ್ದೆ.

ಲೆಕ್ಕ ಹೀಗಿತ್ತು. 12 ವೋಲ್ಟ್, 150 ಎಎಚ್ ಅಂದರೆ 1800 ವ್ಯಾಟ್-ಅವರ್. ಬ್ಯಾಟರಿ ಬಾಳಿಕೆ ಬರಬೇಕಾದರೆ ಪೂರ್ತಿ ಖಾಲಿ ಮಾಡಬಾರದು. ಇನ್ವರ್ಟರ್ ಒಳಗೂ ಸ್ವಲ್ಪ ನಷ್ಟ ಆಗುತ್ತದೆ. ಕೈಗೆ ಸಿಗುವುದು 900ರ ಆಸುಪಾಸು. ಹಳೆಯ ಫ್ಯಾನ್ ಒಂದಕ್ಕೆ 75 ವ್ಯಾಟ್. ಮೂರು ಫ್ಯಾನು, ನಾಲ್ಕು ಲೈಟು ಸೇರಿ 260. ಅಂದರೆ ಮೂರೂವರೆ ಗಂಟೆ.

ಬಂದದ್ದು ಒಂದೂವರೆ ಗಂಟೆ. ತಿಂಗಳು ಕಳೆದ ಮೇಲೆ ನಲವತ್ತು ನಿಮಿಷಕ್ಕೇ ಕೀಂ ಅನ್ನತೊಡಗಿತು. ಬ್ಯಾಟರಿಯೇ ಕೆಟ್ಟದ್ದಿರಬೇಕು ಅಂದುಕೊಂಡೆ. ಇನ್ನೊಂದು ಜೋಡಿಸೋಣ, ಇಲ್ಲವಾದರೆ ಜನರೇಟರ್ ತರೋಣ ಅಂದೆ. ಅಕ್ಕ ಕೇಳಿದ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. "ಮೊದ್ಲು ಕರೆಂಟ್ ಎಷ್ಟೊತ್ತು ಹೋಗ್ತದ ಅಂತರ ನಿನಗ ಗೊತ್ತೇನು?"

ಗೊತ್ತಿರಲಿಲ್ಲ.

ಗೋಡೆಯ ಕ್ಯಾಲೆಂಡರ್

ಅಕ್ಕ ಅಂದೇ ಶುರು ಮಾಡಿದಳು. ಅಡುಗೆ ಮನೆ ಗೋಡೆಗೆ ತೂಗಿದ ಪಂಚಾಂಗದ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆದಳು. ನಾನು ಒಂದು ವೋಲ್ಟ್ ಮೀಟರ್ ಪ್ಲಗ್ ತಂದುಕೊಟ್ಟೆ. ಸಾಕೆಟ್ಟಿಗೆ ಚುಚ್ಚಿದರೆ ವೋಲ್ಟೇಜ್ ತೋರಿಸುತ್ತದೆ. 190ಕ್ಕಿಂತ ಕೆಳಗೆ ಇಳಿದ ಹೊತ್ತಿಗೆ ಅವಳು 'ಮಂದ' ಅಂತ ಬರೆದಳು.

28 ದಿನ ಆದ ಮೇಲೆ ಕೂತು ಎಣಿಸಿದೆವು. ಒಟ್ಟು 37 ಸಲ ಕರೆಂಟ್ ಹೋಗಿತ್ತು. ಅದರಲ್ಲಿ ಮೊದಲೇ ತಿಳಿಸಿ ತೆಗೆದದ್ದು 5 ಸಲ. ಅವೇ ಉದ್ದದವು, ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ. ಉಳಿದವುಗಳಲ್ಲಿ ಹೆಚ್ಚಿನವು ಅರ್ಧ ಗಂಟೆಯ ಒಳಗಿನವು. ಗಾಳಿ ಎದ್ದಾಗ, ಫ್ಯೂಸ್ ಹೋದಾಗ ಆಗುವಂಥವು. ನಮ್ಮ ಕಣ್ಣಿಗೆ ಅಲ್ಲಿಯವರೆಗೆ ಬೀಳದೆ ಇದ್ದದ್ದು 'ಮಂದ'. 22 ಸಂಜೆ, ಆರೂವರೆಯಿಂದ ಹನ್ನೊಂದರವರೆಗೆ, ವೋಲ್ಟೇಜ್ 170-175ರಲ್ಲಿ ನಿಂತಿತ್ತು. ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ ಮಾತ್ರ 225 ಇರುತ್ತಿತ್ತು.

ಬ್ಯಾಟರಿ ಯಾಕೆ ಕೈಕೊಟ್ಟಿತು ಅಂತ ಆಗ ಗೊತ್ತಾಯಿತು. ಹಗಲೆಲ್ಲ ಬಳಸಿದ ಬ್ಯಾಟರಿ ಸಂಜೆ ಚಾರ್ಜ್ ಆಗಬೇಕು. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಅದಕ್ಕೆ ಚಾರ್ಜ್ ಏರುವುದಿಲ್ಲ. ದಿನಾ ಅರ್ಧ ಹೊಟ್ಟೆಯಲ್ಲೇ ಮಲಗುತ್ತಿತ್ತು. ಲೆಡ್ ಆಸಿಡ್ ಬ್ಯಾಟರಿಯನ್ನು ಹೀಗೆ ಅರೆ ಚಾರ್ಜಿನಲ್ಲಿ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಗಟ್ಟಿ ಪದರ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಿಡಿಯುವುದಿಲ್ಲ. ತಗಡಿನ ಶೆಡ್ಡಿನ ಬಿಸಿ ಅದಕ್ಕೆ ಇನ್ನಷ್ಟು ಕೆಟ್ಟದ್ದು. ಎರಡನೇ ಬ್ಯಾಟರಿ ತಂದಿದ್ದರೆ ಅದೂ ಹೀಗೇ ಸಾಯುತ್ತಿತ್ತು.

ಆ ವರ್ಷದಲ್ಲೇ ಗಿರಣಿಯ ಮೋಟಾರ್ ಎರಡು ಸಲ ಸುಟ್ಟಿತ್ತು. ಎರಡೂ ಸಲ ನಾನೇ ಹೊಸ ತಂತಿ ಸುತ್ತಿ ಕೊಟ್ಟಿದ್ದೆ, ಕಾರಣ ಕೇಳಿರಲಿಲ್ಲ. 230 ಇರಬೇಕಾದಲ್ಲಿ 170 ಇದ್ದರೆ ಮುಕ್ಕಾಲು ಭಾಗ ಇದೆಯಲ್ಲ ಅನ್ನಿಸುತ್ತದೆ. ಆದರೆ ಇಂಥ ಮೋಟಾರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಮುಕ್ಕಾಲು ವೋಲ್ಟೇಜಿಗೆ ಎಳೆತ ಸುಮಾರು ಅರ್ಧ. ಜೋಳ ತುಂಬಿದ ಗಿರಣಿ ತಿರುಗಲಾರದೆ ಗುಂಯ್ ಅನ್ನುತ್ತ ನಿಲ್ಲುತ್ತದೆ. ನಿಂತಲ್ಲೇ ಆಂಪಿಯರ್ ಎಳೆಯುತ್ತದೆ. ವೈಂಡಿಂಗ್ ಸುಡುತ್ತದೆ. ಮನೆಯಲ್ಲಿ ಗಿರಣಿ, ಬೋರು, ಫ್ರಿಜ್ ಇರುವವರಿಗೆ ನನ್ನದೊಂದು ಬೇಡಿಕೆ: ಕರೆಂಟ್ ಹೋಗುವುದಕ್ಕಿಂತ ಹೆಚ್ಚು ಭಯವನ್ನು ಮಂದ ಕರೆಂಟಿಗೆ ಇಟ್ಟುಕೊಳ್ಳಿ. ಗುಂಯ್ ಸಪ್ಪಳ ಕೇಳಿದ ಕೂಡಲೇ ಸ್ವಿಚ್ ತೆಗೆಯಿರಿ.

ಕಂಬದ ಮೇಲಿನ ಕಾರಣ

ಒಂದು ದಿನ ಆಯಿ ಕೇಳಿದರು. "ರಾಯಚೂರ ಕಡಿ ಅಷ್ಟು ದೊಡ್ಡ ಕರೆಂಟಿನ ಫ್ಯಾಕ್ಟ್ರಿ ಅದ ಅಂತಾರ. ಇಷ್ಟು ಹತ್ರ ಇದ್ದೂ ನಮಗ ಯಾಕ ಇಲ್ಲ?" ಶಕ್ತಿನಗರದ ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. ಅಲ್ಲಿ ಹುಟ್ಟಿದ ಕರೆಂಟ್ ದೊಡ್ಡ ತಂತಿಗಳ ಜಾಲಕ್ಕೆ ಸೇರಿ ರಾಜ್ಯದ ಎಲ್ಲ ಕಡೆ ಹಂಚಿಹೋಗುತ್ತದೆ. ಪಕ್ಕದವರಿಗೆ ಮೊದಲು ಅಂತ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದಾಗ ಬಾವಿ, ಬೋರುಗಳೆಲ್ಲ ಒಟ್ಟಿಗೆ ಓಡಿ ಕರೆಂಟಿನ ಬೇಡಿಕೆ ಏರಿತು. ಆ ಕೊರತೆ ಇಡೀ ರಾಜ್ಯದ್ದು. ಆದರೆ ಅಕ್ಕನ ಮನೆಯ 'ಮಂದ' ಕೊರತೆಯಿಂದ ಬಂದದ್ದಲ್ಲ. ಕೊನೆಯ ಅರ್ಧ ಕಿಲೋಮೀಟರ್ ತಂತಿಯಿಂದ ಬಂದದ್ದು.

ಅವರ ಗಲ್ಲಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 63 ಕೆವಿಎ. ಅಂದರೆ ಒಂದೊಂದು ಫೇಸಿಗೆ (ಗಲ್ಲಿಗೆ ಕರೆಂಟ್ ತರುವ ಮೂರು ತಂತಿಗಳಲ್ಲಿ ಒಂದೊಂದಕ್ಕೆ) ಸುಮಾರು 84 ಆಂಪಿಯರ್ ಮಾತ್ರ. ಬಡಾವಣೆ ಚಿಕ್ಕದಿದ್ದಾಗ ಹಾಕಿದ್ದು. ಈಗ ಮನೆಗಳು ಎರಡು ಪಟ್ಟು, ಎಸಿಗಳೂ ಬಂದಿವೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಫ್ಯೂಸ್ ಹೋಗಿ ಒಂದು ಫೇಸ್ ಸತ್ತಾಗ ಜನ ಯಾರನ್ನೋ ಕರೆದು, ಕಂಬ ಹತ್ತಿಸಿ, ತಮ್ಮ ಮನೆಯ ತಂತಿಯನ್ನು ಕರೆಂಟ್ ಇರುವ ಫೇಸಿಗೆ ಹಾಕಿಸಿಕೊಳ್ಳುತ್ತಾರೆ. ಫ್ಯೂಸ್ ಸರಿಯಾದ ಮೇಲೆ ವಾಪಸ್ ಹಾಕಿಸುವುದಿಲ್ಲ. ವರ್ಷಗಟ್ಟಲೆ ಹೀಗೆ ನಡೆದು ಗಲ್ಲಿಯ ಸುಮಾರು ಅರ್ಧ ಭಾರ ಒಂದೇ ಕಡೆ ಬಿದ್ದಿತ್ತು.

ಕ್ಯಾಲೆಂಡರಿನ ಹಾಳೆ ಹರಿದುಕೊಂಡು ಅಕ್ಕ ಮತ್ತು ಗಲ್ಲಿಯ ಏಳು ಮನೆಯವರು ಕರೆಂಟ್ ಆಫೀಸಿಗೆ ಹೋದರು. 1912ಕ್ಕೆ ಮೊದಲೇ ಹಲವು ಸಲ ಫೋನ್ ಮಾಡಿ ದೂರು ಬರೆಸಿದ್ದರು. "ಸಂಜಿ ವೋಲ್ಟೇಜ್ ಬರಲ್ಲ" ಅಂದಾಗ ಅಲ್ಲಿಯವರು ಹಿಂದೆ "ನೋಡ್ತೀವಿ" ಅನ್ನುತ್ತಿದ್ದರು. ಈ ಸಲ 22 ಸಂಜೆಯ ತಾರೀಖು, ಹೊತ್ತು, ವೋಲ್ಟೇಜ್ ಮೇಜಿನ ಮೇಲಿತ್ತು. ಮೂರನೇ ದಿನ ಸಂಜೆ ಲೈನ್‌ಮನ್ ಬಂದು, ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ನೋಡಿದರು. ಒಂದು ಫೇಸಿನಲ್ಲಿ 96 ಆಂಪಿಯರ್, ಇನ್ನೊಂದರಲ್ಲಿ 58, ಮತ್ತೊಂದರಲ್ಲಿ 41. ಮನೆಗಳನ್ನು ಮೂರೂ ಫೇಸಿಗೆ ಹಂಚಿ ಕಟ್ಟಲು ಇನ್ನೂ ಆರು ವಾರ ಹಿಡಿಯಿತು. ಕಟ್ಟಿದ ಸಂಜೆ ಅಕ್ಕನ ಮನೆಯಲ್ಲಿ 204 ವೋಲ್ಟ್. ದೊಡ್ಡ ಟಿಸಿಗೆ ಕೊಟ್ಟ ಅರ್ಜಿ ಇನ್ನೂ ಅಲ್ಲೇ ಇದೆ.

ಆ ಲೈನ್‌ಮನ್ ಅಣ್ಣ ಬಿಸಿಲಿನಲ್ಲಿ ಕಂಬದ ಮೇಲೆ ಎರಡು ತಾಸು ಇದ್ದರು. ಅವರ ಕೈಕೆಳಗೆ ಇನ್ನೂ ಎಷ್ಟೋ ಗಲ್ಲಿಗಳಿವೆ. ಅವರ ಮೇಲೆ ರೇಗುವುದು ಸುಲಭ, ಆದರೆ ಅದು ನ್ಯಾಯ ಅಲ್ಲ. ಇನ್ನೊಂದು ವಿಷಯವನ್ನು ಅವರೇ ಹೇಳಿಕೊಟ್ಟರು. ಪತ್ರಿಕೆಯಲ್ಲಿ 'ಇಂದು ವಿದ್ಯುತ್ ವ್ಯತ್ಯಯ' ಅಂತ ಬರುತ್ತದಲ್ಲ, ಅದರಲ್ಲಿ ಎಲ್ಲ ಬಡಾವಣೆಗಳ ಹೆಸರು ಇರುವುದಿಲ್ಲ. ಬಡಾವಣೆಗಳ ಟಿಸಿಗಳಿಗೆ ಕರೆಂಟ್ ತರುವ 11 ಕೆವಿ ಲೈನಿನ, ಅಂದರೆ ಫೀಡರಿನ, ಹೆಸರು ಇರುತ್ತದೆ. ಮದುವೆ ದಿನದ ಕಡಿತ ಹಿಂದಿನ ದಿನದ ಪತ್ರಿಕೆಯಲ್ಲಿ ಬಂದಿತ್ತು. ಅಕ್ಕ ಅದನ್ನು ಓದಿದ್ದಳು ಕೂಡ. ತನ್ನ ಬಡಾವಣೆಯ ಹೆಸರು ಕಾಣದ್ದಕ್ಕೆ ಹಾಳೆ ತಿರುವಿದ್ದಳು. ಈಗ ಫೀಡರಿನ ಹೆಸರು ಕ್ಯಾಲೆಂಡರಿನ ಮೇಲೇ ದಪ್ಪಕ್ಷರದಲ್ಲಿದೆ.

ಆಯಿ ಹೇಳಿದ ದಾರಿ

ಇಷ್ಟಾದರೂ ಹತ್ತರಿಂದ ಐದರ ಕಡಿತ ಹಾಗೇ ಇತ್ತು. ಅದಕ್ಕೇನು ಮಾಡುವುದು? ನಾನು ಮತ್ತೆ ಬ್ಯಾಟರಿ ಲೆಕ್ಕಕ್ಕೆ ಕೂತೆ. ಆಯಿ ಹಿಟ್ಟು ನಾದುತ್ತಲೇ ಅಂದರು. "ಬ್ಯಾಟ್ರಿಯೊಳಗ ಯಾಕ ಕೂಡಿಡ್ತಿ ಯಪ್ಪಾ? ಹಿಟ್ಟಿನೊಳಗ ಕೂಡಿಡು. ನಮ್ಮೂರಾಗ ಗಿರಣಿ ಸಪ್ಪಳ ಕೇಳಿದ್ರ ಸಾಕು, ಬುಟ್ಟಿ ಹೊತ್ತು ಓಡ್ತಿದ್ದಿವಿ. ಕರೆಂಟ್ ನಮ್ಮ ಹೊತ್ತಿಗಿ ಬರ್ತಿದ್ದಿಲ್ಲ, ನಾವೇ ಅದರ ಹೊತ್ತಿಗಿ ಹೋಗ್ತಿದ್ದಿವಿ."

ನನ್ನ ತಲೆಯಲ್ಲಿ ಕೂಡಿಡುವುದು ಅಂದರೆ ಬ್ಯಾಟರಿ ಮಾತ್ರ ಇತ್ತು. ಆಯಿ ಹೇಳಿದ್ದು ಬೇರೆ. ಕರೆಂಟಿನಿಂದ ಆಗುವ ಕೆಲಸವನ್ನೇ ಮಾಡಿ ಇಟ್ಟುಕೊಂಡರೆ ಕರೆಂಟನ್ನೇ ಇಟ್ಟುಕೊಂಡಂತೆ. ಬೀಸಿದ ಹಿಟ್ಟಿನಲ್ಲಿ ಕರೆಂಟ್ ಇದೆ. ಮೇಲಿನ ಟ್ಯಾಂಕಿನ ನೀರಿನಲ್ಲಿ ಇದೆ. ಐಸ್‌ನಲ್ಲಿ ಇದೆ. 45 ಕಿಲೋ ಜೋಳ ಬೀಸುವ ಕರೆಂಟನ್ನು ಬ್ಯಾಟರಿಯಲ್ಲಿ ಇಡಬೇಕಾದರೆ ನಾಲ್ಕೂವರೆ ಯೂನಿಟ್ ಬೇಕಾಗುತ್ತದೆ, ಅಂದರೆ ಅಂಥ ಐದು ಬ್ಯಾಟರಿ. ಹಿಟ್ಟಿನಲ್ಲಿ ಇಡಲು ಮೂರು ಸ್ಟೀಲ್ ಡಬ್ಬಿ ಸಾಕು.

ಅಲ್ಲಿಂದ ಕೆಲಸದ ಹೊತ್ತು ಬದಲಾಯಿತು. ಗಿರಣಿ ಬೆಳಗಿನ ಜಾವ ನಾಲ್ಕೂವರೆಗೆ ಶುರು, ಏಳಕ್ಕೆ ಬಂದ್. ಗಿರಣಿಯ ಕೆಳಗೆ ರಬ್ಬರ್ ಹಾಸಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿದಳು. ಎರಡು ದಿನಕ್ಕೆ ಬೇಕಾದ ಹಿಟ್ಟು ಯಾವತ್ತೂ ಮುಂದೆ ಇರಬೇಕು ಅಂತ ನಿಯಮ. ನಾಲ್ಕು ದಿನದ್ದು ಇಟ್ಟು ನೋಡಿದಳು, ಬೇಸಿಗೆಯಲ್ಲಿ ಅದು ನಡೆಯಲಿಲ್ಲ. ಎಸರು (ಕುದಿವ ನೀರು) ಜಾಸ್ತಿ ಹಾಕಿ ನಾದಿದರೂ ಅಂಚು ಹರಿಯಿತು. ಬಿಸಿ ಹಿಟ್ಟನ್ನು ಡಬ್ಬಿಗೆ ತುಂಬಿ ಮುಚ್ಚಿದ ಒಂದು ಸಲ ಬೆವರಿ ವಾಸನೆ ಬಂತು. ಈಗ ಬೀಸಿದ್ದನ್ನು ಬಟ್ಟೆಯ ಮೇಲೆ ಹರವಿ, ಆರಿದ ಮೇಲೆ ತುಂಬುತ್ತಾರೆ.

ಎರಡನೆಯದು ಖಡಕ್ ರೊಟ್ಟಿ. ಮೆತ್ತನ ರೊಟ್ಟಿ ಅಂದೇ ಹೋಗಬೇಕು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಕರೆಂಟ್ ಚೆನ್ನಾಗಿದ್ದು ಆರ್ಡರ್ ಕಡಿಮೆ ಇದ್ದ ದಿನ ಖಡಕ್ ಮಾಡಿ ಬುಟ್ಟಿಗೆ ಏರಿಸುತ್ತಾರೆ. ಆರ್ಡರ್ ಹಿಡಿಯುವಾಗ ಅಕ್ಕ ಈಗ ಮೊದಲೇ ಹೇಳುತ್ತಾಳೆ: ಅಂದು ಅಡಚಣೆ ಆದರೆ ನಾಲ್ಕನೇ ಒಂದು ಭಾಗ ಖಡಕ್ ಕೊಡುತ್ತೇನೆ, ಒಪ್ಪಿಗೆ ಇದ್ದರೆ ಮಾತ್ರ ಮುಂಗಡ ಕೊಡಿ ಅಂತ. ನಮ್ಮ ಕಡೆ ಶೇಂಗಾ ಹಿಂಡಿ ಜೊತೆ ಖಡಕ್ ರೊಟ್ಟಿ ಬೇಡ ಅನ್ನುವವರು ಕಡಿಮೆ.

ಬ್ಯಾಟರಿಯನ್ನು ಬಿಡಲಿಲ್ಲ. ಅದರ ಭಾರ ಇಳಿಸಿದೆವು. ಮೂರು ಹಳೆಯ ಫ್ಯಾನ್ ತೆಗೆದು ಕಡಿಮೆ ಕರೆಂಟ್ ಎಳೆಯುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದೆವು. 260 ಇದ್ದದ್ದು 130ಕ್ಕೆ ಇಳಿಯಿತು. ಅದೇ ಅಳತೆಯ ಹೊಸ ಬ್ಯಾಟರಿ ಈಗ ಆರೂವರೆ, ಏಳು ಗಂಟೆ ಎಳೆಯುತ್ತದೆ. ಒಲೆಯ ಮೇಲೆ ನೇರ ಫ್ಯಾನ್ ಹಾಕಿದರೆ ಉರಿ ಹಾರುತ್ತದೆ, ಆದ್ದರಿಂದ ಒಂದನ್ನು ಬೆನ್ನ ಹಿಂದೆ ಗೋಡೆಗೆ ಹಾಕಿದ್ದೇವೆ. ಬ್ಯಾಟರಿಯನ್ನು ಶೆಡ್ಡಿನಿಂದ ಪಡಸಾಲೆಯ ನೆರಳಿಗೆ ತಂದೆವು. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ನೀರು. ನಮ್ಮ ಬೋರಿನ ಗಡಸು ನೀರನ್ನು ಯಾವತ್ತೂ ಹಾಕಬಾರದು.

ಸೋಲಾರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮೇಲೆ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಇದೆ. ಬಿಲ್ ಇಳಿಸಲು ಅದು ಒಳ್ಳೆಯದು. ಆದರೆ ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಕರೆಂಟ್ ಹೊಡೆಯಬಾರದು ಅಂತಲೇ ಹಾಗೆ ಮಾಡಿದ್ದಾರೆ. ಕಡಿತಕ್ಕೆ ಪರಿಹಾರ ಅಂತ ನಂಬಿ ಹಾಕಿಸಿದವರು ಆಮೇಲೆ ಪೇಚಾಡುತ್ತಾರೆ. ಅಕ್ಕ ಸದ್ಯಕ್ಕೆ ಹಾಕಿಸಲಿಲ್ಲ.

ಅವ್ವನ ಇನ್ಸುಲಿನ್

ರೊಟ್ಟಿ ತಡವಾದರೆ ಮಾನ ಹೋಗುತ್ತದೆ. ಇನ್ಸುಲಿನ್ ಕೆಟ್ಟರೆ ಅವ್ವನ ಜೀವಕ್ಕೆ ಕುತ್ತು. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸುತ್ತಿರುವುದನ್ನು ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇಡಬಹುದು, ಆದರೆ 25-30 ಡಿಗ್ರಿಯ ಒಳಗೆ. ನಮ್ಮೂರಿನ ಏಪ್ರಿಲ್‌ನಲ್ಲಿ ನೆರಳಲ್ಲೂ ಅಷ್ಟು ಎಲ್ಲಿಂದ ಬರಬೇಕು?

ಮುಚ್ಚಿಟ್ಟ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಕಡಿತದ ದಿನ ಫ್ರಿಜ್ಜಿನ ಬಾಗಿಲಿಗೆ ಅಕ್ಕ ದಾರ ಕಟ್ಟುತ್ತಾಳೆ, ಮಕ್ಕಳು ನೀರಿಗೆ ಅಂತ ತೆಗೆಯಬಾರದು. ಹಿಂದಿನ ರಾತ್ರಿಯೇ ಎಂಟು ಬಾಟಲಿ ನೀರು ಐಸ್ ಮಾಡಿಟ್ಟು, ಬೆಳಿಗ್ಗೆ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸುತ್ತಾಳೆ. ಇನ್ಸುಲಿನ್ ಅದಕ್ಕೆ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು, ಚೆಲ್ಲಬೇಕು. ಬಳಸುತ್ತಿರುವ ಬಾಟಲಿಗೆ ಮಣ್ಣಿನ ಗಡಿಗೆ. ದೊಡ್ಡ ಗಡಿಗೆಯೊಳಗೆ ಚಿಕ್ಕದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ಬಾಟಲಿ ಒಳಗಿನ ಒಣ ಡಬ್ಬಿಯಲ್ಲಿ. ನಮ್ಮದು ಒಣ ಬಿಸಿಲು, ನೀರು ಬೇಗ ಆರುತ್ತದೆ, ಆರಿದಷ್ಟೂ ಗಡಿಗೆ ತಣ್ಣಗಾಗುತ್ತದೆ. ಕೋಣೆಯಲ್ಲಿ 37 ಇದ್ದಾಗ ಗಡಿಗೆಯೊಳಗೆ 27 ತೋರಿಸಿತು. ಅವ್ವನ ಡಾಕ್ಟರಿಗೆ ತೋರಿಸಿಯೇ ಇದನ್ನು ಶುರು ಮಾಡಿದೆವು. ಮಳೆಗಾಲದಲ್ಲಿ ಗಾಳಿ ತೇವ ಇದ್ದಾಗ ಇಷ್ಟು ತಂಪು ಬರುವುದಿಲ್ಲ.

ಇದರ ಭಾರ ಹೊತ್ತವರು

ಒಂದು ವರ್ಷ ಆಯಿತು. ಮೋಟಾರ್ ಮತ್ತೆ ಸುಟ್ಟಿಲ್ಲ. ಕೊಡಬೇಕಾದ ಆರ್ಡರ್ ಕರೆಂಟಿನ ಕಾರಣಕ್ಕೆ ಒಂದೂ ತಪ್ಪಿಲ್ಲ.

ಆದರೆ ಬೆಳಗಿನ ಜಾವ ನಾಲ್ಕೂವರೆಗೆ ಗಿರಣಿ ಹಾಕಲು ಏಳುವವಳು ಅಕ್ಕ. ಕಡಿತದ ದಿನ ಬಿಸಿಲೇರುವ ಮೊದಲೇ ಮುಗಿಸಲು ಹೆಣ್ಣುಮಕ್ಕಳು ಐದೂವರೆಗೆ ಬರಬೇಕಾಯಿತು. ಅವರಲ್ಲಿ ಒಬ್ಬಳಿಗೆ ಸಣ್ಣ ಮಕ್ಕಳಿದ್ದವು. ಮೂರು ವಾರ ಓಡಾಡಿ, "ಅಕ್ಕೋರೆ, ನನಗ ಆಗಲ್ರಿ" ಅಂತ ಕೆಲಸ ಬಿಟ್ಟಳು. ನಮ್ಮ ಲೆಕ್ಕದಲ್ಲಿ ವೋಲ್ಟೇಜ್ ಇತ್ತು, ಜಿಗಿ ಇತ್ತು, ಅವಳ ಮಕ್ಕಳ ನಿದ್ದೆ ಇರಲಿಲ್ಲ. ಅದು ನನ್ನನ್ನು ತುಂಬಾ ಕಾಡಿದೆ.

ಅಕ್ಕ ಅವಳ ಮನೆಗೆ ಹೋಗಿ ಕೂತು ಮಾತಾಡಿದಳು. ಈಗ ಅವಳು ಹನ್ನೊಂದಕ್ಕೆ, ಮಕ್ಕಳನ್ನು ಶಾಲೆಗೆ ಕಳಿಸಿ ಬರುತ್ತಾಳೆ. ಖಡಕ್ ರೊಟ್ಟಿ ಎಣಿಸಿ, ಸೀಲ್ ಮಾಡಿ, ಬುಟ್ಟಿ ತುಂಬುವುದು ಅವಳ ಕೆಲಸ. ಸೀಲಿಂಗ್ ಮಷಿನ್ ಇನ್ವರ್ಟರ್ ಮೇಲೆ ನಡೆಯುತ್ತದೆ. ಕೂಲಿ ಮೊದಲಿನಷ್ಟೇ. ಬೇಗ ಬರುವ ಮೂವರಿಗೆ ನಾಷ್ಟಾ ಮತ್ತು ದಿನಕ್ಕೆ 50 ರೂಪಾಯಿ ಹೆಚ್ಚು. ಬ್ಯಾಟರಿಗೆ ಹೋಗಬೇಕಿದ್ದ ದುಡ್ಡು ಅಲ್ಲಿಗೆ ಹೋಗುತ್ತಿದೆ.

ಮೊನ್ನೆ ಮತ್ತೆ ಪತ್ರಿಕೆಯಲ್ಲಿ ಆ ಫೀಡರಿನ ಹೆಸರು ಬಂತು, ಹತ್ತರಿಂದ ಐದು. ನಾನು ಅಕ್ಕನಿಗೆ ಫೋನ್ ಮಾಡಿದೆ. "ಓದೀನಿ ತಮ್ಮಾ, ಹಿಟ್ಟು ಆಗ್ಯಾದ," ಅಂದಳು. ಅವಳ ಹಿಂದಿನಿಂದ ಆಯಿ ಯಾರಿಗೋ ಗಡಿಗೆಗೆ ನೀರು ಹಾಕಲು ಹೇಳುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು.